ದಸ್ತಗಿರಿಯ ಕಾರಣ ಬರೆದು ಕೊಡಿ

ಪೊಲೀಸರು ಒಬ್ಬನನ್ನು ಹಿಡಿದೊಯ್ದರೆ ಏನು ಬರೆಯಬೇಕು, ಯಾರಿಗೆ ತಿಳಿಸಬೇಕು ಎಂಬುದೆಲ್ಲ ಇಂದು ಬಹುಪಾಲು ಶಾಸನದಲ್ಲೇ ಇದೆ. ಆದರೆ ಶಾಸನಕ್ಕೆ ದಾರಿ ತೋರಿದ್ದು ಸುಪ್ರೀಂ ಕೋರ್ಟಿನ ತೀರ್ಪುಗಳು. ಅವನ್ನು ಒಂದರ ಹಿಂದೊಂದು ಓದುತ್ತ ಹೋದರೆ, ಸಂವಿಧಾನದ ದೊಡ್ಡ ಮಾತಿನಿಂದ ಹೊರಟ ಕೋರ್ಟು ಠಾಣೆಯ ಮೇಜಿನ ಮೇಲಿನ ಕಾಗದದವರೆಗೆ ಇಳಿದು ಬಂದದ್ದು ಕಾಣುತ್ತದೆ.

ಆರಂಭವೇನೂ ಆಶಾದಾಯಕವಾಗಿರಲಿಲ್ಲ. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮ ಮುನ್ನೆಚ್ಚರಿಕೆ ಬಂಧನವನ್ನು ಪ್ರಶ್ನಿಸಿದಾಗ, ಶಾಸಕಾಂಗ ಮಾಡಿದ ಕಾನೂನೊಂದಿದ್ದರೆ ಸಾಕು, ಅದು ನ್ಯಾಯವೇ ಎಂದು ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿಯಡಿ ಕೇಳುವಂತಿಲ್ಲ ಎಂದಿತು ಬಹುಮತ. ಈ ವಾದ ಎಲ್ಲಿಗೆ ಮುಟ್ಟೀತು ಎಂಬುದು ತುರ್ತುಪರಿಸ್ಥಿತಿಯಲ್ಲಿ ಗೊತ್ತಾಯಿತು. ಬೆಂಗಳೂರಿನ ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿ ಇಲ್ಲಿನ ಹೈಕೋರ್ಟಿಗೆ ಮೊರೆಯಿಟ್ಟಿದ್ದರು. ಬಂಧಿತರ ಅರ್ಜಿ ಕೇಳಬಹುದು ಎಂದ ಹಲವು ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಅದನ್ನು ತಳ್ಳಿಹಾಕಿದರು. ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಆ ತೀರ್ಪನ್ನು ಕೋರ್ಟು ಬಾಯಿಬಿಟ್ಟು ರದ್ದು ಮಾಡಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಖಾಸಗಿತನದ ಮೊಕದ್ದಮೆಯಲ್ಲಿ.

ನಡುವೆ 1978ರ ಮೇನಕಾ ಗಾಂಧಿ ತೀರ್ಪು ಗೋಪಾಲನ್ ವಾದದ ಬುಡ ಅಲುಗಾಡಿಸಿತ್ತು: ಕಾನೂನಿನ ಕ್ರಮ ನ್ಯಾಯಯುತವೂ ಆಗಿರಬೇಕು. ಮರುವರ್ಷ, ತಮ್ಮ ಮೇಲಿನ ಆರೋಪಕ್ಕೆ ಆಗಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಜೈಲಿನಲ್ಲಿ ಕೊಳೆಯುತ್ತಿದ್ದ ಬಿಹಾರದ ವಿಚಾರಣಾಧೀನ ಕೈದಿಗಳು ಹುಸೈನಾರಾ ಖಾತೂನ್ ಪ್ರಕರಣದಿಂದ ಹೊರಬಂದರು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1996ರ ಡಿ.ಕೆ. ಬಸು ತೀರ್ಪು. ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಪಶ್ಚಿಮ ಬಂಗಾಳದಿಂದ 1986ರಲ್ಲಿ ಬಂದ ಪತ್ರವನ್ನೇ ಕೋರ್ಟು ಅರ್ಜಿಯೆಂದು ಎತ್ತಿಕೊಂಡಿತ್ತು. ಕೊಟ್ಟದ್ದು ಹನ್ನೊಂದು ಸೂಚನೆ. ಹಿಡಿಯುವ ಪೊಲೀಸನ ಎದೆಯ ಮೇಲೆ ಹೆಸರು, ಹುದ್ದೆ ಕಾಣಬೇಕು. ಸ್ಥಳದಲ್ಲೇ ಅರೆಸ್ಟ್ ಮೆಮೊ ಬರೆಯಬೇಕು. ಅದರಲ್ಲಿ ದಿನಾಂಕ, ಸಮಯ, ಮನೆಯವರದೋ ಊರಿನ ಮರ್ಯಾದಸ್ಥರದೋ ಸಾಕ್ಷಿ ಸಹಿ, ಬಂಧಿತನ ಸಹಿ ಇರಬೇಕು. ವಶದಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯರ ತಪಾಸಣೆಯಾಗಬೇಕು. ಕಾನೂನು ಮಾಡುವುದು ಜಡ್ಜುಗಳ ಕೆಲಸವೇ ಎಂದು ಮೂಗು ಮುರಿದವರಿದ್ದಾರೆ. ಮಾಡಬೇಕಾದವರು ಸುಮ್ಮನಿದ್ದಾಗ ಈ ತಕರಾರು ಅಷ್ಟು ತೂಕದ್ದಲ್ಲ. ದಂಡ ಪ್ರಕ್ರಿಯಾ ಸಂಹಿತೆಗೆ 2008ರಲ್ಲಿ ಆದ ತಿದ್ದುಪಡಿ ಈ ಸೂಚನೆಗಳಲ್ಲಿ ಮುಖ್ಯವಾದವನ್ನು ಶಾಸನಕ್ಕೆ ಸೇರಿಸಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅವು ಮುಂದುವರಿದಿವೆ.

2010ರ ಸೆಲ್ವಿ ತೀರ್ಪು ಕರ್ನಾಟಕದ್ದೇ. ನಕಲಿ ಛಾಪಾ ಕಾಗದ ಹಗರಣದ ತೆಲಗಿಯ ಕಾಲದಿಂದ ಬೆಂಗಳೂರು ಮಂಪರು ಪರೀಕ್ಷೆಗೆ ಹೆಸರಾಗಿತ್ತು. ಒಪ್ಪಿಗೆಯಿಲ್ಲದೆ ಅದನ್ನಾಗಲಿ, ಸುಳ್ಳುಪತ್ತೆ ಪರೀಕ್ಷೆಯನ್ನಾಗಲಿ ಮಾಡಕೂಡದು ಎಂದಿತು ಕೋರ್ಟು. 2014ರ ಅರ್ನೇಶ್ ಕುಮಾರ್ ತೀರ್ಪು, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿ ಏಕೆ ಬೇಕಾಯಿತೆಂದು ಪಟ್ಟಿ ತುಂಬಿ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸುವ ಹೊಣೆಯನ್ನು ತನಿಖಾಧಿಕಾರಿಯ ಮೇಲೆ ಹೊರಿಸಿತು.

ಈಚಿನ ಜಗ್ಗಾಟವೆಲ್ಲ ದಸ್ತಗಿರಿಯ ಕಾರಣವನ್ನು ಬಾಯಲ್ಲಿ ಹೇಳಿದರೆ ಸಾಕೇ ಎಂಬುದರ ಸುತ್ತ. ಜಾರಿ ನಿರ್ದೇಶನಾಲಯ ಅದನ್ನು ಬರೆದೇ ಕೊಡಬೇಕೆಂದು 2023ರ ಪಂಕಜ್ ಬನ್ಸಲ್ ತೀರ್ಪು ಹೇಳಿತು. ಮರುವರ್ಷ ಅದು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಪ್ರಕರಣಗಳಿಗೂ ಹಬ್ಬಿತು. ನಟ ದರ್ಶನ್ ಆರೋಪಿಯಾಗಿರುವ ಕೊಲೆ ಪ್ರಕರಣದಲ್ಲಿ ನಮ್ಮ ಹೈಕೋರ್ಟು 2024ರ ಡಿಸೆಂಬರ್‌ನಲ್ಲಿ ಜಾಮೀನು ಕೊಟ್ಟಾಗ, ಲಿಖಿತ ಕಾರಣ ಸಕಾಲಕ್ಕೆ ಕೈಸೇರಿಲ್ಲ ಎಂಬುದೂ ಒಂದು ಆಧಾರವಾಗಿತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆ ಜಾಮೀನು ರದ್ದು ಮಾಡಿತು: ಬರೆದು ಕೊಡಲಿಲ್ಲವೆಂಬುದರಿಂದಲೇ ದಸ್ತಗಿರಿ ಬಿದ್ದುಹೋಗದು, ಅದರಿಂದ ಆದ ತೊಂದರೆ ತೋರಿಸಬೇಕು. ಮೂರು ತಿಂಗಳೊಳಗೆ, ನವೆಂಬರ್‌ನಲ್ಲಿ, ಅದೇ ಕೋರ್ಟಿನ ಇನ್ನೊಂದು ಪೀಠ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಎಲ್ಲ ಅಪರಾಧಗಳಿಗೂ ಲಿಖಿತ ಕಾರಣ ಕಡ್ಡಾಯ ಮಾಡಿತು. ಆ ಕ್ಷಣಕ್ಕೆ ಬರೆದು ಕೊಡಲಾಗದಿದ್ದರೆ ಬಾಯಲ್ಲಿ ಹೇಳಬಹುದು. ಆದರೆ ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಕಾಗದ ಅವನ ಕೈಯಲ್ಲಿರಬೇಕು. ಇಲ್ಲವಾದರೆ ದಸ್ತಗಿರಿಯೂ ರಿಮಾಂಡೂ ಅಕ್ರಮ.