ರಿಜಿಸ್ಟರ್ ಆಯ್ತು ಅಂದ್ರೆ ಸೈಟ್ ನಮ್ಮದಾಯ್ತಾ?

"ಇಸಿ ಕ್ಲಿಯರ್, ಖಾತೆ ರೆಡಿ, ಬ್ಯಾಂಕ್ ಲೋನ್ ಲಭ್ಯ, ತಕ್ಷಣ ರಿಜಿಸ್ಟ್ರೇಷನ್. ಕಣ್ಣು ಮುಚ್ಚಿ ಕೊಳ್ಳಬಹುದು!" ಬೆಂಗಳೂರಿನ ಆಸುಪಾಸಿನ ಸೈಟುಗಳ ಬಗ್ಗೆ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತದೆ. ಇದರಲ್ಲಿರುವ ನಾಲ್ಕೂ ಮಾತು ನಿಜವೇ ಇರಬಹುದು. ಆದರೂ ಸೈಟ್ ಕೈತಪ್ಪಬಹುದು.

ನಮ್ಮ ಚಿಕ್ಕಪ್ಪನಿಗೆ ಆಗಿದ್ದು ಅದೇ. ನೆಲಮಂಗಲದ ಕಡೆ 30x40 ಸೈಟ್ ಕೊಂಡರು. ನಾಲ್ಕೂ ಸರಿಯಾಗಿತ್ತು. ಮೂರು ವರ್ಷದ ಮೇಲೆ ಕೋರ್ಟಿನಿಂದ ನೋಟಿಸ್ ಬಂತು. ಲೇಔಟ್ ಆದ ಜಮೀನು ಒಬ್ಬ ರೈತರಿಗೆ ತಂದೆಯಿಂದ ಬಂದಿದ್ದು. ಪಹಣಿಯಲ್ಲಿ ಅವರೊಬ್ಬರದೇ ಹೆಸರಿತ್ತು, ಮಾರುವಾಗ ಅವರೊಬ್ಬರೇ ಸಹಿ ಹಾಕಿದ್ದರು. ಮದುವೆಯಾಗಿ ಹೋಗಿದ್ದ ತಂಗಿ ಈಗ ತನ್ನ ಪಾಲು ಕೇಳಿ ದಾವೆ ಹೂಡಿದ್ದರು. ತಪ್ಪು ಆಕೆಯದಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನೋಂದಣಿ ಎಂದರೆ ಏನು?

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವುದು ಪತ್ರ. ಇಂಥವರು ಇಂಥವರಿಗೆ ಇಷ್ಟಕ್ಕೆ ಬರೆದುಕೊಟ್ಟಿದ್ದಾರೆ ಎಂಬುದು ಸರ್ಕಾರದ ದಾಖಲೆಗೆ ಸೇರುತ್ತದೆ, ಅಷ್ಟೇ. ಬರೆದುಕೊಟ್ಟವರಿಗೆ ಅದರ ಮೇಲೆ ನಿಜವಾಗಿ ಹಕ್ಕಿತ್ತೇ ಎಂದು ತೀರ್ಮಾನಿಸುವುದು 1908ರ ನೋಂದಣಿ ಕಾಯ್ದೆಯಲ್ಲಿ ಆ ಅಧಿಕಾರಿಯ ಕೆಲಸವಲ್ಲ. ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಮಾರುವವರಿಗೆ ಅರ್ಧ ಪಾಲಷ್ಟೇ ಇದ್ದರೆ, ಕ್ರಯಪತ್ರದಲ್ಲಿ ಪೂರ್ತಿ ಎಂದು ಬರೆದಿದ್ದರೂ ನಿಮಗೆ ಬರುವುದು ಆ ಅರ್ಧ ಪಾಲಿನ ಹಕ್ಕೇ.

ಇಸಿಯಲ್ಲಿ ಏನು ಕಾಣುವುದಿಲ್ಲ?

ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ನೋಂದಣಿಯಾದ ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಅದು ತೋರಿಸುವುದು ನೋಂದಣಿಯಾದದ್ದನ್ನು ಮಾತ್ರ. ನೋಂದಾಯಿಸದ ಉಯಿಲು, ಬಿಳಿ ಹಾಳೆಯ ಮೇಲೆ ಮಾಡಿಕೊಂಡ ಕರಾರು, ಮೂಲ ಪತ್ರಗಳನ್ನು ಒತ್ತೆಯಿಟ್ಟು ನೋಂದಣಿ ಮಾಡಿಸದೆ ತಂದ ಸಾಲ, ನಡೆಯುತ್ತಿರುವ ದಾವೆ, ಅಣ್ಣತಮ್ಮ ಅಕ್ಕತಂಗಿಯರ ಪಾಲು, ಇವು ಅದರಲ್ಲಿ ಕಾಣದೇ ಹೋಗಬಹುದು. ಸರ್ವೆ ನಂಬರ್ ಅಥವಾ ಚೆಕ್ಕುಬಂದಿ ತಪ್ಪಾಗಿ ಕೊಟ್ಟು ಹುಡುಕಿದರೆ ಇಸಿ "ಕ್ಲಿಯರ್" ಬರುತ್ತದೆ, ಏಕೆಂದರೆ ಹುಡುಕಿದ ಆಸ್ತಿಯೇ ಬೇರೆ! ಹಾಗಾಗಿ ಕನಿಷ್ಠ 30 ವರ್ಷದ ಇಸಿ ತೆಗೆಸುವುದು ವಾಡಿಕೆ. ಲೇಔಟ್ ಆಗುವ ಮುಂಚಿನ ಸರ್ವೆ ನಂಬರ್ ಹಾಕಿಯೂ ತೆಗೆಸಬೇಕು.

ಖಾತೆಯ ಕಥೆ ಇನ್ನೂ ಚಿಕ್ಕದು. ಅದು ಆಸ್ತಿ ತೆರಿಗೆಯ ಲೆಕ್ಕ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಬೇಕೇ ಬೇಕು ಎಂದಾದ ಮೇಲೆ ಅದನ್ನೇ ಹಕ್ಕುಪತ್ರ ಎಂದು ತಿಳಿದವರು ಹೆಚ್ಚಾಗಿದ್ದಾರೆ. ಎ ಖಾತೆಯಾಗಲಿ ಬಿ ಖಾತೆಯಾಗಲಿ, ಮಾಲೀಕತ್ವವನ್ನು ಅದು ಸಾಬೀತು ಮಾಡುವುದಿಲ್ಲ.

"ಬ್ಯಾಂಕಿನವರು ನೋಡಿಯೇ ಲೋನ್ ಕೊಡ್ತಾರೆ" ಎನ್ನುವ ಮಾತು ಅರ್ಧ ಸರಿ. ಬ್ಯಾಂಕಿನ ವಕೀಲರು ನೋಡುತ್ತಾರೆ, ಆದರೆ ಬ್ಯಾಂಕಿಗಾಗಿ ನೋಡುತ್ತಾರೆ. ಆಸ್ತಿ ವ್ಯಾಜ್ಯಕ್ಕೆ ಸಿಕ್ಕಿದರೂ ಸಾಲ ನಿಮ್ಮ ಹೆಸರಿನಲ್ಲೇ ಇರುತ್ತದೆ. ಚಿಕ್ಕಪ್ಪನ ಇಎಂಐ ಈಗಲೂ ಕಟ್ಟಾಗುತ್ತಿದೆ.

ಹಾಗಾದರೆ ನೋಡಬೇಕಾದದ್ದೇನು?

ಮೊದಲು ಜಮೀನು ಮಾರಿದವರಿಗೆ ಅದು ಹೇಗೆ ಬಂತು ಎಂಬುದು. ಮೂಲ ಪತ್ರದಿಂದ ಇವತ್ತಿನವರೆಗೆ ಕೊಂಡಿ ತಪ್ಪದೆ ಬರಬೇಕು. ಸ್ವಂತ ದುಡಿಮೆಯಲ್ಲಿ ಕೊಂಡದ್ದಾದರೆ ಅವರೊಬ್ಬರೇ ಮಾರಬಹುದು. ಪಿತ್ರಾರ್ಜಿತವಾದರೆ, ಅಥವಾ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ವಂಶವೃಕ್ಷ ಕೇಳಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೇ ಎಂದು ಊರಿನಲ್ಲಿ ಒಮ್ಮೆ ವಿಚಾರಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಮದುವೆಗೆ ಖರ್ಚು ಮಾಡಿದ್ದೀವಿ, ಆಕೆ ಕೇಳಲ್ಲ" ಎಂಬ ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸಹಿ ಬೇಕು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ ಜಮೀನು ಮೂಲದವರಿಗೇ ಹಿಂದಿರುಗಬಹುದು. ಕೃಷಿ ಜಮೀನಿಗೆ ಭೂ ಪರಿವರ್ತನೆ ಆಗಿದೆಯೇ, ಲೇಔಟಿಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ ನೋಡಿ. 500 ಚದರ ಮೀಟರ್ ಮೀರಿದ ಹೊಸ ಲೇಔಟಿಗೆ ರೇರಾ ನೋಂದಣಿಯೂ ಬೇಕು. ಜಿಪಿಎ ಮೇಲೆ ಕೊಂಡರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಮಾರುವವರ ಹೆಸರನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಲು ಖರ್ಚೇನಿಲ್ಲ.

ಇದೆಲ್ಲ ನಮ್ಮ ಕೈಲಾಗುವ ಕೆಲಸವಲ್ಲ ಅನ್ನಿಸಿದರೆ ಅದು ಸರಿಯೇ. ನಿಮ್ಮದೇ ವಕೀಲರನ್ನು ಹಿಡಿಯಿರಿ. ಬ್ರೋಕರ್ ತೋರಿಸಿದವರನ್ನಲ್ಲ. ಅಡ್ವಾನ್ಸ್ ಕೊಡುವುದಕ್ಕೆ ಮುಂಚೆ.

ದರದ ವಿಷಯ

ಮಾರ್ಗಸೂಚಿ ದರ ಎಂದರೆ ಮಾರುಕಟ್ಟೆ ದರವಲ್ಲ. ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಇಟ್ಟಿರುವ ಕನಿಷ್ಠ ಲೆಕ್ಕ. "ಪಕ್ಕದ ಸೈಟ್ ಇಷ್ಟಕ್ಕೆ ಹೋಯ್ತು" ಎಂಬುದೂ ನಂಬಿಕಸ್ತ ಲೆಕ್ಕವಲ್ಲ, ಅದು ಬಹುಪಾಲು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಅದೇ ರಸ್ತೆಯಲ್ಲಿ ಇತ್ತೀಚೆಗೆ ನಿಜವಾಗಿ ಮಾರಿದ ಇಬ್ಬರು ಮೂವರನ್ನು ಮಾತಾಡಿಸುವುದೇ ಒಳ್ಳೆಯದು. ನಗರದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಶುಲ್ಕ, ಸೆಸ್, ಸರ್ಚಾರ್ಜ್ ಮತ್ತು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಶೇ. 7.6 ಆಗುತ್ತದೆ. 60 ಲಕ್ಷದ ಮನೆಗೆ 4,56,000 ರೂಪಾಯಿ.

ಈ ದುಡ್ಡು ಉಳಿಸಲು ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡಿ ಎನ್ನುವವರು ಇರುತ್ತಾರೆ. ಕಾನೂನಿನ ತಪ್ಪು ಎಂಬುದು ಒಂದು ಕಡೆ ಇರಲಿ. ನಾಳೆ ಹಕ್ಕಿನ ತಕರಾರು ಬಂದು ಹಣ ವಾಪಸ್ ಕೇಳಬೇಕಾದರೆ ಪತ್ರದಲ್ಲಿರುವಷ್ಟನ್ನೇ ತೋರಿಸಲು ಸಾಧ್ಯ. ಚಿಕ್ಕಪ್ಪ ಇಲ್ಲೂ ಸಿಕ್ಕಿಬಿದ್ದಿದ್ದಾರೆ.

ಮಾರುವವರಿಗೂ ಒಂದು ಮಾತು. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿದೇ ಕೊಡಬೇಕು. ಅದು ಮೋಸವಲ್ಲ, ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗುತ್ತದೆ. ಮನೆಯವರೆಲ್ಲರ ಒಪ್ಪಿಗೆ ಸಹಿ, ಮೂಲ ಪತ್ರ, ತೆರಿಗೆ ರಸೀದಿ ಒಂದೇ ಫೈಲಿನಲ್ಲಿಟ್ಟು ಕೂತರೆ ಬ್ರೋಕರ್ ಹೇಳುವ ಬೆಲೆಗೆ ತಲೆ ಅಲ್ಲಾಡಿಸಬೇಕಾಗಿಲ್ಲ.