ಎಲುಬಿನ ಹಂದರ

ದಧೀಚಿಯ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ವೃತ್ರಾಸುರನನ್ನು ಕೊಲ್ಲಲು ವಜ್ರಾಯುಧ ಬೇಕಾಯಿತು; ವಜ್ರಾಯುಧಕ್ಕೆ ಮುನಿಯ ಎಲುಬು ಬೇಕಾಯಿತು; ಎಲುಬನ್ನು ಕೊಡಲು ಮುನಿ ದೇಹವನ್ನೇ ತೊರೆಯಬೇಕಾಯಿತು. ಆ ತ್ಯಾಗವನ್ನು ಕೊಂಡಾಡುವ ಭರದಲ್ಲಿ ನಾವು ಗಮನಿಸದೆ ಬಿಡುವ ಸಂಗತಿಯೊಂದುಂಟು. ಕಥೆಯ ದೃಷ್ಟಿಯಲ್ಲಿ ಎಲುಬೆಂಬುದು ಜೀವ ಹೋದ ಮೇಲೆ ಉಳಿಯುವ ವಸ್ತು. ನಮ್ಮ ಆಡುಮಾತಿನ ಧೋರಣೆಯೂ ಅದೇ. ‘ಅಸ್ಥಿ’ ಎಂದೊಡನೆ ಮನಸ್ಸು ಸಂಚಯನ, ವಿಸರ್ಜನೆಗಳ ಕಡೆಗೆ ಹೋಗುತ್ತದೆ. ಬಡಕಲಾದವನನ್ನು ‘ಎಲುಬಿನ ಹಂದರ’ ಎನ್ನುತ್ತೇವೆ.

ಎಲುಬು ಸಜೀವವೆಂಬ ಅರಿವು ನನಗೆ ಬಂದದ್ದು ಗ್ರಂಥಗಳಿಂದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಕಾಲು ಮುರಿಯಿತು; ಮುರಿದೆಡೆ ತಿಂಗಳುಗಳು ಕಳೆದರೂ ಕೂಡಿಕೊಳ್ಳಲಿಲ್ಲ. ವೈದ್ಯರು ಅವನ ಸೊಂಟದ ಎಲುಬಿನಿಂದಲೇ ಚೂರುಗಳನ್ನು ತೆಗೆದು ಅಲ್ಲಿ ತುಂಬಿದರು. ಕಾಲು ಸರಿಹೋಯಿತು. ಆದರೆ ಬಹುದಿನ ಅವನನ್ನು ಕಾಡಿದ್ದು ಸೊಂಟದ ನೋವು. “ಅಣ್ಣಾ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಹಾಗಾಯಿತಲ್ಲ!” ಎಂದು ಅವನು ನಗುತ್ತಲೇ ಹೇಳಿದ. ಅವನ ಸಾಲವೇನೋ ಚಿಕ್ಕದು. ಅರ್ಬುದರೋಗದಿಂದ ದವಡೆಯನ್ನೇ ಕಳೆದುಕೊಂಡವನು ಎಲ್ಲಿಂದ ಕಡ ತರಬೇಕು? ಅಂಥವನಿಗೆ ಬೇಕಾದ ಎಲುಬನ್ನು ಮೈಯ ಹೊರಗೆ, ಪ್ರಯೋಗಶಾಲೆಯಲ್ಲಿ ಬೆಳೆಸಿಕೊಡಲು ಸಾಧ್ಯವೆ? ಈ ಪ್ರಶ್ನೆಯ ಹಿಂದೆ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯಿದೆ.

ಅದರ ಮೊದಲ ಪುಟ ತೆರೆಯುವುದು ಒಂದು ಊಟದ ಮೇಜಿನಲ್ಲಿ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಬೆಲ್ಚಿಯರ್ ಎಂಬಾತ, ಬಟ್ಟೆಗೆ ಬಣ್ಣದಚ್ಚು ಹಾಕುವವನೊಬ್ಬನ ಮನೆಗೆ ಊಟಕ್ಕೆ ಹೋಗಿದ್ದ. ಬಡಿಸಿದ ಹಂದಿಮಾಂಸದೊಳಗಿನ ಮೂಳೆ ಕೆಂಪಾಗಿತ್ತು. ವಿಚಾರಿಸಲಾಗಿ, ಬಣ್ಣದ ಕಾರ್ಖಾನೆಯಲ್ಲಿ ಉಳಿದ, ಮಂಜಿಷ್ಠದ ಜಾತಿಯ ಬೇರಿನ ಬಣ್ಣ ಕೂಡಿದ ತೌಡನ್ನು ಆ ಹಂದಿಗಳು ತಿಂದಿದ್ದುವೆಂದು ತಿಳಿಯಿತು. 1736ರಲ್ಲಿ ಆತ ಇದನ್ನು ಪ್ರಕಟಿಸಿದ. ತಿಂದ ಆಹಾರದ ಬಣ್ಣ ಮೂಳೆಗೆ ಏರುವುದಾದರೆ, ಮೂಳೆಯೂ ಉಣ್ಣುತ್ತದೆ, ಬೆಳೆಯುತ್ತದೆ ಎಂದಾಯಿತಲ್ಲವೆ? ಫ್ರಾನ್ಸಿನ ದುಅಮೆಲ್ ಈ ಸುಳಿವನ್ನು ಹಿಡಿದು ಮುಂದುವರಿದ. ಪ್ರಾಣಿಗಳ ಮೂಳೆಯನ್ನು ಆವರಿಸಿದ ತೆಳುವಾದ ಪೊರೆಯ ಕೆಳಗೆ ಬೆಳ್ಳಿಯ ತಂತಿಯನ್ನಿಟ್ಟ. ಕೆಲವು ವಾರಗಳಲ್ಲಿ ಹೊಸ ಮೂಳೆ ಬೆಳೆದು ತಂತಿಯನ್ನು ಮುಚ್ಚಿಬಿಟ್ಟಿತ್ತು.

ಈ ತಿಳಿವಳಿಕೆ ಮನುಷ್ಯನ ಮೈಗೆ ಒದಗಲು ಮತ್ತೊಂದು ಶತಮಾನವೇ ಕಳೆಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ವಿಲಿಯಂ ಮೆಕ್‌ಯುವೆನ್ ಬಳಿಗೆ ಪುಟ್ಟ ಬಾಲಕನೊಬ್ಬನನ್ನು ಕರೆತಂದರು. ಕೀವು ತುಂಬಿದ ರೋಗದಿಂದ ಅವನ ತೋಳಿನ ಮೂಳೆಯ ಬಹುಭಾಗ ನಾಶವಾಗಿ, ಕೈ ಜೋತುಬಿದ್ದಿತ್ತು. ಅದೇ ವೈದ್ಯ ಸೊಟ್ಟಗಾಲಿನ ಮಕ್ಕಳ ಕಾಲುಗಳನ್ನು ನೆಟ್ಟಗೆ ಮಾಡುತ್ತಿದ್ದ. ಆಗ ಕತ್ತರಿಸಿ ತೆಗೆದ ಮೂಳೆಯ ತುಣುಕುಗಳನ್ನು ಈ ಬಾಲಕನ ತೋಳಿನಲ್ಲಿ ಸಾಲಾಗಿ ನೆಟ್ಟ. ತುಣುಕುಗಳು ಒಂದಾಗಿ ತೋಳು ಗಟ್ಟಿಯಾಯಿತು. 1881ರಲ್ಲಿ ಈ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದಿತು. ಮೂರು ದಶಕಗಳ ತರುವಾಯವೂ ಆ ಕೈ ದುಡಿಯುತ್ತಿತ್ತು. ಒಬ್ಬರಿಗೆ ಬೇಡವಾದ ಮೂಳೆ ಇನ್ನೊಬ್ಬರ ತೋಳಾಯಿತು. ಇಲ್ಲಿ ಯಾವ ದಧೀಚಿಯೂ ಪ್ರಾಣ ಬಿಡಬೇಕಾಗಲಿಲ್ಲ.

ಮೈಯ ಹೊರಗೆ ಎಲುಬು ಬೆಳೆದೀತೆ ಎಂಬ ಪ್ರಶ್ನೆಗೆ ಆಶಾದಾಯಕ ಉತ್ತರ ಕೊಟ್ಟವಳು ಇಂಗ್ಲೆಂಡಿನ ಹಾನರ್ ಫೆಲ್ ಎಂಬ ವಿದುಷಿ. ಕೇಂಬ್ರಿಜ್ಜಿನ ಸ್ಟ್ರೇಂಜ್‌ವೇಸ್ ಪ್ರಯೋಗಶಾಲೆಯಲ್ಲಿ ಆಕೆ ಕೋಳಿಮೊಟ್ಟೆಯೊಳಗಿನ ಭ್ರೂಣದ ತೊಡೆಮೂಳೆಯ ಮೊಳಕೆಯನ್ನು ಬಿಡಿಸಿ, ಗಾಜಿನ ಪುಟ್ಟ ಬಟ್ಟಲಿನಲ್ಲಿ ಪೋಷಕದ್ರವವಿಟ್ಟು ಸಾಕಿದಳು. ಆ ಮೊಳಕೆ ಉದ್ದವಾಯಿತು. ತಕ್ಕಮಟ್ಟಿಗೆ ತೊಡೆಮೂಳೆಯ ಆಕಾರವನ್ನೂ ತಳೆಯಿತು. ರಾಬರ್ಟ್ ರಾಬಿಸನ್ ಜೊತೆಗೂಡಿ ಆಕೆ 1929ರಲ್ಲಿ ಇದನ್ನು ಪ್ರಕಟಿಸಿದಳು. ಆದರೆ ಅದು ಭ್ರೂಣದ ಮೊಳಕೆ. ಬೆಳೆಯುವ ಹುರುಪು ಅದಕ್ಕೆ ಹುಟ್ಟಿನಿಂದಲೇ ಬಂದಿತ್ತು. ಬಲಿತ ಮನುಷ್ಯನ ಮೈಯಲ್ಲಿ ಅಂಥ ಬೀಜವೆಲ್ಲಿ?

ಬೀಜ ದೊರೆತದ್ದು ಮೂಳೆಯ ಒಡಲಲ್ಲಿಯೇ. ಅಸ್ಥಿಮಜ್ಜೆಯ ಕೆಲವು ಜೀವಕೋಶಗಳು ಹೊಸ ಮೂಳೆಯನ್ನು ಕಟ್ಟಬಲ್ಲುವೆಂಬುದನ್ನು ಮಾಸ್ಕೋದ ಫ್ರೀಡೆನ್‌ಸ್ಟೈನ್ 1960ರ ದಶಕದಲ್ಲಿ ತೋರಿಸಿಕೊಟ್ಟ. ಬೀಜವನ್ನು ಎಚ್ಚರಿಸುವ ಕರೆಯ ಸುಳಿವು ಸಿಕ್ಕಿದ್ದು ಅಮೆರಿಕದಲ್ಲಿ. ಲಾಸ್ ಏಂಜಲೀಸಿನ ಮಾರ್ಷಲ್ ಯೂರಿಸ್ಟ್ ಮೂಳೆಯನ್ನು ಆಮ್ಲದಲ್ಲಿಟ್ಟು ಸುಣ್ಣಾಂಶವನ್ನು ತೆಗೆದ; ಉಳಿದ ಮೆತ್ತನೆಯ ಭಾಗವನ್ನು ಮೊಲದ ಮಾಂಸಖಂಡದಲ್ಲಿ ಹುದುಗಿಸಿದ. ಮೂಳೆಗೆ ಯಾವ ಕೆಲಸವೂ ಇಲ್ಲದ ಆ ಜಾಗದಲ್ಲಿ ಮೂಳೆ ಹುಟ್ಟಿತು! ಇದು 1965ರ ಮಾತು. ಸತ್ತ ಎಲುಬಿನಲ್ಲಿ ಜೀವವನ್ನು ಕರೆಯುವ ಯಾವುದೋ ಪ್ರೋಟೀನು ಅಡಗಿದೆಯೆಂದು ಆತ ಊಹಿಸಿದ.

ಆ ಪ್ರೋಟೀನಿನ ಬೆನ್ನು ಹತ್ತಿದವರಲ್ಲಿ ಭಾರತ ಮೂಲದ ಹರಿ ರೆಡ್ಡಿ ಪ್ರಮುಖರು. ಅವರು ಮತ್ತು ಸಹೋದ್ಯೋಗಿ ಸಂಪತ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನಂಥ ಸಾಹಿತ್ಯದ ಮೇಷ್ಟರಿಗೂ ರುಚಿಸುವಂಥದು. ಸುಣ್ಣಾಂಶ ಕಳೆದ ಮೂಳೆಯಿಂದ ಅವರು ಕರಗುವ ಅಂಶವನ್ನು ಬೇರ್ಪಡಿಸಿದರು. ಕರಗಿದ ಅಂಶವನ್ನಷ್ಟೇ ಮೈಯೊಳಗಿಟ್ಟರೆ ಮೂಳೆ ಹುಟ್ಟಲಿಲ್ಲ. ಕರಗದೆ ಉಳಿದುದನ್ನಷ್ಟೇ ಇಟ್ಟರೂ ಹುಟ್ಟಲಿಲ್ಲ. ಎರಡನ್ನೂ ಮತ್ತೆ ಕೂಡಿಸಿದಾಗ ಹುಟ್ಟಿತು. ವಾಕ್ಕು ಅರ್ಥಗಳ ಸಂಬಂಧದಂತೆ, ಕರೆ ಬೇಕು, ಕರೆಗೆ ನೆಲೆಯೂ ಬೇಕು. ಆ ನೆಲೆಯನ್ನೇ ಕನ್ನಡದಲ್ಲಿ ಹಂದರವೆನ್ನಬಹುದು. ಹಂದರವೆಂದರೆ ಬಳ್ಳಿ ಹಬ್ಬುವ ತಾಣ. ನಾವು ಬಡಕಲು ಮೈಗೆ ಬಳಸಿದ ಮಾತು ಇಲ್ಲಿ ಜೀವದ ಆಸರೆಗೆ ಒಪ್ಪುತ್ತದೆ.

ಬೀಜ, ಕರೆ, ಹಂದರ ದೊರೆತ ಮೇಲೆ ಕೃಷಿ ಆರಂಭವಾಯಿತು. ಇಟಲಿಯ ವಿಜ್ಞಾನಿಗಳು ರೋಗಿಗಳ ಮಜ್ಜೆಯ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ವೃದ್ಧಿಸಿ, ಸುಣ್ಣಾಂಶದ ರಂಧ್ರಮಯ ಹಂದರಕ್ಕೆ ಹಚ್ಚಿ, ಮೂವರ ಕೈಕಾಲುಗಳಲ್ಲಿ ನೆಟ್ಟ ಸಂಗತಿ 2001ರಲ್ಲಿ ಪ್ರಕಟವಾಯಿತು. 2004ರಲ್ಲಿ ಜರ್ಮನಿಯ ಕೀಲ್ ನಗರದ ವೈದ್ಯರು ದವಡೆ ಕಳೆದುಕೊಂಡ 56 ವರ್ಷದವನೊಬ್ಬನ ವೃತ್ತಾಂತವನ್ನು ಮುಂದಿಟ್ಟರು. ದವಡೆಯ ಆಕಾರದ ಟೈಟೇನಿಯಂ ಬಲೆಯಲ್ಲಿ ಮೂಳೆಯ ಖನಿಜ, ಪ್ರೋಟೀನು, ಅವನದೇ ಮಜ್ಜೆ, ಇವನ್ನು ತುಂಬಿ, ಅವನ ಬೆನ್ನಿನ ಮಾಂಸದಲ್ಲಿ ಹುದುಗಿಸಿದರು. ಏಳು ವಾರಗಳ ಬಳಿಕ ಬೆಳೆದ ಎಲುಬನ್ನು ರಕ್ತನಾಳಗಳ ಸಮೇತ ತೆಗೆದು ಮುಖಕ್ಕೆ ಕೂಡಿಸಿದರು. ಅನೇಕ ವರ್ಷಗಳ ಮೇಲೆ ಆತ ಬ್ರೆಡ್ಡನ್ನೂ ಮಾಂಸವನ್ನೂ ಅಗಿದು ತಿಂದ. ತನ್ನ ಪಾಲಿಗೆ ತಾನೇ ದಧೀಚಿ! 2016ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗೋರ್ಡಾನಾ ವುನ್ಯಾಕ್-ನೊವಾಕೊವಿಚ್ ಬಳಗ, ಹಸುವಿನ ಮೂಳೆಯಿಂದ ಕೋಶಗಳನ್ನೆಲ್ಲ ತೊಳೆದು, ದವಡೆಯ ಆಕಾರಕ್ಕೆ ಕೆತ್ತಿ, ಹಂದಿಗಳ ಕೊಬ್ಬಿನಿಂದ ಪಡೆದ ಕೋಶಗಳನ್ನು ಅದರಲ್ಲಿ ಮೂರು ವಾರ ಬೆಳೆಸಿ, ಅದೇ ಹಂದಿಗಳಿಗೆ ಕೂಡಿಸಿದ್ದನ್ನು ತಿಳಿಸಿತು. ಆರು ತಿಂಗಳಲ್ಲಿ ಅದು ಅವುಗಳ ಸ್ವಂತ ಎಲುಬಾಗಿತ್ತು.

ಇಷ್ಟಾದರೂ ಬೀಗುವಂತಿಲ್ಲ. ಪ್ರೋಟೀನನ್ನು ಬೆನ್ನುಮೂಳೆಯ ಶಸ್ತ್ರಕ್ರಿಯೆಗೆ ಬಳಸಲು 2002ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿತ್ತು; ಕೊರಳಿನ ಭಾಗದಲ್ಲಿ ಬಳಸಿದಾಗ ಊತವುಂಟಾಗಿ ಉಸಿರಿಗೇ ಸಂಚಕಾರ ಬಂದುದರಿಂದ, 2008ರಲ್ಲಿ ಅಲ್ಲಿನ ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು. ಕರೆ ವಿಪರೀತವಾದರೆ ಮೈ ತಾಳದು. ರಕ್ತದ ಸಮಸ್ಯೆಯೂ ಉಂಟು. ಸೂಕ್ಷ್ಮ ರಕ್ತನಾಳದಿಂದ ಮಿಲಿಮೀಟರಿನ ಐದರಲ್ಲೊಂದು ಭಾಗ ದೂರವಾದರೂ ಕೋಶ ಬದುಕುವುದು ಕಷ್ಟ. ಬಟ್ಟಲಿನಲ್ಲಿ ಬೆಳೆದ ದಪ್ಪ ಎಲುಬಿನ ನಡುಭಾಗಕ್ಕೆ ಉಣಿಸುವವರಾರು? ಕೀಲ್‌ನ ವೈದ್ಯರು ಬೆನ್ನಿನ ಮಾಂಸವನ್ನೇ ಗದ್ದೆಯಾಗಿ ಮಾಡಿಕೊಂಡದ್ದು ಇದಕ್ಕಾಗಿಯೇ. ಇಂದಿಗೂ ಮೂಳೆ ಕಸಿಯಲ್ಲಿ ಉಳಿದುದನ್ನೆಲ್ಲ ಒರೆಗೆ ಹಚ್ಚುವುದು ರೋಗಿಯ ಸ್ವಂತ ಸೊಂಟದ ಎಲುಬಿನೊಂದಿಗೆ. ನನ್ನ ತಮ್ಮ ಮಾಡಿದ ಸಾಲದೊಂದಿಗೆ.

ಈ ಚರಿತ್ರೆಯುದ್ದಕ್ಕೂ ಎದ್ದು ಕಾಣುವುದು ಇಷ್ಟೆ: ಎಲುಬನ್ನು ಮನುಷ್ಯ ಗಡಿಗೆಯಂತೆ ಮಾಡಿದ್ದಿಲ್ಲ. ನೆಲ ಹಸನು ಮಾಡಿ, ಬೀಜ ಬಿತ್ತಿ, ಹಂದರ ಕಟ್ಟಿ ಕಾದಿದ್ದಾನೆ, ಬೆಳೆದದ್ದು ಎಲುಬು. ಈಚೆಗೆ ತಮ್ಮ ಮನೆಗೆ ಬಂದಿದ್ದಾಗ, ಮೆಟ್ಟಿಲೇರುತ್ತ ಅಭ್ಯಾಸಬಲದಿಂದ ಸೊಂಟವನ್ನು ಒತ್ತಿ ಹಿಡಿದುಕೊಂಡ. ನೋವಿದೆಯೇನೋ ಎಂದು ಕೇಳಿದೆ. “ಎಂದೋ ಹೋಯಿತಣ್ಣ” ಎಂದ. ಅವನ ಸೊಂಟವೂ ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿತ್ತು.

(ಬಾನುಲಿ ಭಾಷಣ)