ಕೇಸನ್ನು ಕರೆದು ತಂದ ಊರು

ವಿಕಾಸವಾದ ಕಲಿಸಿದ ಮೇಷ್ಟ್ರಿಗೆ ದಂಡ ಹಾಕಿದ ಊರು ಅಂತ ಡೇಟನ್ ಹೆಸರು ಕೇಳಿರ್ತೀರಿ. ಅಮೆರಿಕದ ಟೆನೆಸ್ಸಿ ರಾಜ್ಯದ ರೇ ಕೌಂಟಿಯ ಕೋರ್ಟು-ಕಚೇರಿ ಎಲ್ಲ ಇರುವ ಊರು ಅದು. ಮೂಢರ ಊರು ಅಂತಲೇ ನಾನೂ ಅಂದುಕೊಂಡಿದ್ದೆ. ಓದುತ್ತಾ ಹೋದರೆ ಕಥೆಯೇ ಬೇರೆ...

ಕಲ್ಲಿದ್ದಲು, ಕಬ್ಬಿಣದಿಂದ ಬೆಳೆದ ಊರು. 1891ರಲ್ಲಿ ಇಟ್ಟಿಗೆಯ ದೊಡ್ಡ ಕೋರ್ಟು ಕಟ್ಟಿಕೊಂಡಿತು. ಆಮೇಲೆ ಕುಲುಮೆಗಳು ಆರಿದವು, ಜನ ಕೆಲಸ ಹುಡುಕಿ ಹೊರಟರು. 1925ಕ್ಕೆ ಉಳಿದವರು ಸುಮಾರು 1,800.

ಆ ವರ್ಷ ರಾಜ್ಯ ಸರ್ಕಾರ, ಮನುಷ್ಯ ಪ್ರಾಣಿಯಿಂದ ಬಂದ ಅಂತ ಸರ್ಕಾರಿ ಶಾಲೆಗಳಲ್ಲಿ ಕಲಿಸುವುದನ್ನು ನಿಷೇಧಿಸಿತು. ಇದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಮೇಷ್ಟ್ರು ಬೇಕು ಅಂತ ನಾಗರಿಕ ಹಕ್ಕುಗಳ ಸಂಘಟನೆಯೊಂದು ಪತ್ರಿಕೆಯಲ್ಲಿ ಹಾಕಿಸಿತು. ರಾಬಿನ್ಸನ್ ಅವರ ಔಷಧಿ ಅಂಗಡಿಯಲ್ಲಿ ಕೂತಿದ್ದ ಊರ ಪ್ರಮುಖರಿಗೆ ಹೊಳೆಯಿತು: ಕೇಸು ನಮ್ಮೂರಲ್ಲೇ ನಡೆದರೆ? ಟೆನಿಸ್ ಆಡುತ್ತಿದ್ದ 24ರ ಮೇಷ್ಟ್ರು ಜಾನ್ ಸ್ಕೋಪ್ಸ್‌ಗೆ ಕರೆ ಹೋಯಿತು, ಆತ ಒಪ್ಪಿದ. ತಮಾಷೆ ಅಂದ್ರೆ, ವಿಕಾಸವಾದವಿದ್ದ ಆ ಪಠ್ಯಪುಸ್ತಕ ಮಾರುತ್ತಿದ್ದದ್ದೂ ಅದೇ ಅಂಗಡಿಯಲ್ಲಿ. ರಾಬಿನ್ಸನ್ ಶಾಲಾ ಮಂಡಳಿಯ ಅಧ್ಯಕ್ಷ ಬೇರೆ! :)

ಜುಲೈನಲ್ಲಿ ಬ್ರಯಾನ್, ಡ್ಯಾರೋ ಎಂಬ ಘಟಾನುಘಟಿಗಳು ಎದುರುಬದುರಾದರು. ವಿಚಾರಣೆ ರೇಡಿಯೋದಲ್ಲೂ ಬಂತು. ದಂಡ 100 ಡಾಲರ್. ಬ್ರಯಾನ್ ಐದೇ ದಿನಕ್ಕೆ ಅಲ್ಲೇ ತೀರಿಕೊಂಡರು. ದಂಡದ ಮೊತ್ತವನ್ನು ಜ್ಯೂರಿ ಬದಲು ನ್ಯಾಯಾಧೀಶರು ನಿಗದಿ ಮಾಡಿದ್ದರು ಅನ್ನುವ ಕಾರಣಕ್ಕೆ 1927ರಲ್ಲಿ ತೀರ್ಪು ರದ್ದಾಯಿತು. ಕಾನೂನು ಹೋಗಿದ್ದು ಮಾತ್ರ 1967ರಲ್ಲಿ.

ಊರಿಗೆ ಹೆಸರೇನೋ ಬಂತು, ಜೊತೆಗೆ ಪತ್ರಿಕೆಗಳ ಗೇಲಿಯೂ. ಬ್ರಯಾನ್ ಹೆಸರಲ್ಲಿ 1930ರಲ್ಲಿ ಕಾಲೇಜು ಶುರುವಾಯಿತು, 2005ರಲ್ಲಿ ಕೋರ್ಟಿನ ಮುಂದೆ ಅವರ ಪ್ರತಿಮೆ ನಿಂತಿತು. ಅದೇ ಹುಲ್ಲುಹಾಸಿನ ಮೇಲೆ ಡ್ಯಾರೋ ಪ್ರತಿಮೆ ಬರಲು 2017 ಆಗಬೇಕಾಯಿತು.